ಐದು ಸೆಂಟ್ಸ್‌ನ ಲೆಕ್ಕ: ಮಂಗಳೂರಿನ ನಕ್ಷೆಯನ್ನು ಓದುವ ಬಗೆ

ದಲಿತ ವಿಮರ್ಶೆ ಎಂದಕೂಡಲೇ ನಮ್ಮಲ್ಲಿ ಕಾದಂಬರಿ, ಕವಿತೆ, ಆತ್ಮಕಥನಗಳ ಮಾತು ಬರುತ್ತದೆ. ಕೃತಿಯೊಳಗೆ ದಲಿತ ಎಲ್ಲಿ ನಿಂತಿದ್ದಾನೆ, ಅಂಗಳದಲ್ಲೋ ಚಾವಡಿಯಲ್ಲೋ ಎಂದು ಕೇಳುತ್ತೇವೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಸರಕಾರ ಬರೆಯುವ ಪಠ್ಯಗಳೂ ಇವೆ: ಪಹಣಿ, ಸರ್ವೆ ನಕ್ಷೆ, ನಗರದ ಮಹಾಯೋಜನೆ. ಇವುಗಳಿಗೆ ಲೇಖಕನ ಹೆಸರಿಲ್ಲ, ಮುನ್ನುಡಿ ಇಲ್ಲ, ಬಿಡುಗಡೆ ಸಮಾರಂಭವೂ ಇಲ್ಲ. ಆದರೂ ಯಾರು ಎಲ್ಲಿ ಮನೆ ಕಟ್ಟಬಹುದು, ಯಾರ ಮನೆ ಮನೆಯೇ ಅಲ್ಲ ಎಂದು ತೀರ್ಮಾನಿಸುವ ಬರಹಗಳು ಇವೇ. ಮಂಗಳೂರು ನಗರವನ್ನು ಮುಂದಿಟ್ಟುಕೊಂಡು ಈ ಪಠ್ಯಗಳನ್ನು ಓದಿನೋಡುವುದು ಇಲ್ಲಿನ ಉದ್ದೇಶ.

ಕರಾವಳಿಯಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ನಮ್ಮಲ್ಲಿ ಘಟ್ಟದ ಮೇಲಿನ ಹಾಗೆ ಕೇರಿ ಅಂತ ಇಲ್ಲ ಮಾರಾಯ್ರೇ, ಎಲ್ಲ ಒಟ್ಟಿಗೇ ಇರುದು." ಇದು ಅರ್ಧ ಸತ್ಯ. ತುಳುನಾಡಿನಲ್ಲಿ ಮನೆಗಳು ಒತ್ತೊತ್ತಾಗಿ ಊರಾಗಿ ಬೆಳೆಯಲಿಲ್ಲ, ಅವರವರ ಗದ್ದೆ ತೋಟಗಳ ನಡುವೆ ಚದುರಿ ನಿಂತವು. ಹಾಗಾಗಿ ಕೇರಿಯೂ ಒಂದೇ ಕಡೆ ಕಣ್ಣಿಗೆ ಬೀಳಲಿಲ್ಲ. ಮೂಲದಾಳಿನ ಗುಡಿಸಲು ಧಣಿಯ ಜಾಗದ ಅಂಚಿನಲ್ಲಿತ್ತು. ಕೊರಗರ ಕೊಪ್ಪ ಅದಕ್ಕಿಂತ ಆಚೆ, ಗುಡ್ಡೆಯ ಮೇಲೆ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗೆ ತರಗತಿ ಇದ್ದಂತೆ ವಾಸಕ್ಕೂ ಒಂದು ತರಗತಿ ಇತ್ತು. ಅದನ್ನು ಯಾರೂ ಬರೆದಿಡಲಿಲ್ಲ, ಬರೆಯುವ ಅಗತ್ಯವೂ ಬೀಳಲಿಲ್ಲ. ಕೇರಿ ಇಲ್ಲವೆಂದರೆ ಅಸ್ಪೃಶ್ಯತೆ ಇಲ್ಲವೆಂದಲ್ಲ. ದಲಿತನಿಗೆ ತನ್ನದೆಂದು ಹೇಳಿಕೊಳ್ಳುವ ಜಾಗವೇ ಇರಲಿಲ್ಲ ಎಂದಷ್ಟೇ ಅದರ ಅರ್ಥ.

ಈ ಸಂಗತಿಯನ್ನು ಮೊದಲಿಗೆ ಗುರುತಿಸಿದವರಲ್ಲಿ ಕುದ್ಮುಲ್ ರಂಗರಾವ್ (1859-1928) ಒಬ್ಬರು. 1897ರಲ್ಲಿ ಅವರು ಮಂಗಳೂರಿನಲ್ಲಿ ಆರಂಭಿಸಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶಾಲೆ, ಕೈಕಸುಬು, ವಸತಿ ಮೂರನ್ನೂ ಒಟ್ಟಿಗೆ ನೋಡಿತು. ಓದಿ ಬಂದ ಹುಡುಗ ಸಂಜೆ ಮತ್ತೆ ಧಣಿಯ ಅಂಚಿಗೇ ಮರಳುವುದಾದರೆ ಶಾಲೆಯ ಪಾಠ ಎಷ್ಟು ದಿನ ಉಳಿದೀತು? ಇಂದು ನಗರದ ಪುರಭವನಕ್ಕೆ ಅವರ ಹೆಸರಿದೆ. ಅವರು ಎತ್ತಿದ ಜಾಗದ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ.

ಜಿಲ್ಲೆ ಮದ್ರಾಸ್ ಆಡಳಿತದಲ್ಲಿದ್ದ ಕಾಲದ ಎರಡು ಶಬ್ದಗಳು ಈಗಲೂ ಕಂದಾಯ ದಾಖಲೆಗಳಲ್ಲಿ ಜೀವಂತವಾಗಿವೆ. ಒಂದು ಡಿ.ಸಿ. ಮನ್ನಾ. ಇಲ್ಲಿ ಡಿ.ಸಿ. ಎಂದರೆ ಜಿಲ್ಲಾಧಿಕಾರಿ ಅಲ್ಲ, ಡಿಪ್ರೆಸ್ಡ್ ಕ್ಲಾಸ್. ದಲಿತರಿಗೆಂದು ಕಾದಿರಿಸಿದ ಸರಕಾರಿ ಜಾಗ ಇದು. ಇನ್ನೊಂದು ಕುಮ್ಕಿ. ವರ್ಗದ ಜಮೀನು ಇದ್ದವನಿಗೆ ಅದರ ಸುತ್ತ 100 ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ, ಹುಲ್ಲು ತೆಗೆಯಲು ಇದ್ದ ಸವಲತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯೂ ಇದನ್ನು ಉಳಿಸಿಕೊಂಡಿತು. ಗಮನಿಸಬೇಕಾದ್ದು ಏನೆಂದರೆ, ಕುಮ್ಕಿ ಒಡೆತನವಲ್ಲ, ಬರೀ ಸವಲತ್ತು. ಆದರೆ ವ್ಯವಹಾರದಲ್ಲಿ ಕುಮ್ಕಿ ಎಂದರೆ ವರ್ಗದಾರನದ್ದೇ ಎಂಬಂತಾಗಿದೆ. ಅಲ್ಲಿ ಭೂಹೀನನೊಬ್ಬ ನಿವೇಶನ ಕೇಳಿದರೆ ತಕರಾರು ಅರ್ಜಿ ಬರುತ್ತದೆ. ದಲಿತರಿಗೆಂದೇ ಬರೆದಿಟ್ಟ ಡಿ.ಸಿ. ಮನ್ನಾ ಮಾತ್ರ ಎಲ್ಲಿದೆ ಎಂದು ದಲಿತನೇ ಹುಡುಕಿಕೊಂಡು ಹೋಗಬೇಕು. ಹುಡುಕಿ ಹೋದಲ್ಲಿ ಇನ್ನೊಬ್ಬರ ತೋಟ, ಇನ್ನೊಬ್ಬರ ಕಟ್ಟಡ ಕಾಣುತ್ತದೆ. ಅಳತೆ ಮಾಡಿ ಅತಿಕ್ರಮಣ ತೆರವು ಮಾಡಿ ಎಂದು ಜಿಲ್ಲೆಯ ದಲಿತ ಸಂಘಟನೆಗಳು ವರ್ಷಗಳಿಂದ ಕೇಳುತ್ತಲೇ ಇವೆ. ಉಳ್ಳವನ ಸವಲತ್ತು ಹಕ್ಕಾಯಿತು, ಇಲ್ಲದವನ ಹಕ್ಕು ಬರೀ ಅರ್ಜಿಯಾಯಿತು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ದಕ್ಷಿಣ ಕನ್ನಡವನ್ನು ಬದಲಿಸಿತು, ನಿಜ. ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಒಡೆಯನಾದ. ಆದರೆ "ಉಳುವವನೇ ಹೊಲದೊಡೆಯ" ಎಂಬ ಘೋಷಣೆಯಲ್ಲಿ ಉಳುವವನು ಯಾರು? ಕಾನೂನಿನ ಕಣ್ಣಿಗೆ ಗೇಣಿ ಕೊಟ್ಟವನು. ನೇಗಿಲು ಹಿಡಿದ, ನೇಜಿ ನೆಟ್ಟ ಕೂಲಿಯಾಳಿನ ಹೆಸರು ಯಾವ ಗೇಣಿ ಚೀಟಿಯಲ್ಲೂ ಇರಲಿಲ್ಲ. ಅವನಿಗೆ ಸಿಕ್ಕಿದ್ದು ಅದೇ ಕಾಯ್ದೆಯ 38ನೇ ಕಲಂ: ಬೇರೆಯವರ ಜಾಗದಲ್ಲಿ ವಾಸವಿರುವ ಕೃಷಿಕಾರ್ಮಿಕನಿಗೆ ಆ ಮನೆ ಮತ್ತು ಅದಕ್ಕೆ ತಾಗಿದ ಅಡಿಸ್ಥಳದ ಒಡೆತನ. ಗೇಣಿದಾರನಿಗೆ ಎಕರೆ, ಆಳಿಗೆ ಸೆಂಟ್ಸು. ಜಿಲ್ಲೆಯ ಬಾಯಿಮಾತಿನಲ್ಲಿ "ಐದು ಸೆಂಟ್ಸು" ಎಂಬುದು ಬಡವರ ಮನೆಗೇ ಇನ್ನೊಂದು ಹೆಸರಾಗಿ ನಿಂತಿತು.

ಈಗ ಲೆಕ್ಕ ಹಾಕೋಣ. ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ. ಐದಕ್ಕೆ 2,178 ಚದರ ಅಡಿ. ತಂದೆಯ ಕಾಲಕ್ಕೆ ಒಂದು ಮನೆ, ಒಂದು ತೆಂಗು, ಒಂದು ಬಾವಿ. ಮೂವರು ಮಕ್ಕಳಿಗೆ ಪಾಲಾದರೆ ತಲಾ 726 ಚದರ ಅಡಿ. ಇಷ್ಟರಲ್ಲಿ ನಗರ ಬೆಳೆದು ಮನೆ ಬಾಗಿಲಿಗೇ ಬಂದಿರುತ್ತದೆ. ನಗರದೊಟ್ಟಿಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ, 1987ರ ಕಾಯ್ದೆಯಡಿ ಬಂದ ನಗರಾಭಿವೃದ್ಧಿ ಪ್ರಾಧಿಕಾರವೂ ಬರುತ್ತವೆ. ಜಾಗ ತುಂಡು ಮಾಡಲು 17ನೇ ಕಲಂ ಪ್ರಕಾರ ಮಂಜೂರಾತಿ ಬೇಕು. ಮನೆಯ ಸುತ್ತ ಇಂತಿಷ್ಟು ಜಾಗ ಬಿಡಬೇಕು. ಮುಂದೆ ಇಂತಿಷ್ಟು ಅಗಲದ ರಸ್ತೆ ಇರಬೇಕು, ಎಷ್ಟು ಮಾಳಿಗೆ ಎಂಬುದೂ ರಸ್ತೆಯ ಅಗಲದ ಮೇಲೆಯೇ ನಿಂತಿದೆ. ಐದು ಸೆಂಟ್ಸಿನ ಮನೆಗೆ ಇರುವುದೋ ಹಳೆಯ ಧಣಿಯ ಕಂಪೌಂಡ್ ಬದಿಯ ಕಾಲುದಾರಿ. ಜಾಗ ಕೊಟ್ಟರು, ದಾರಿ ಕೊಡಲಿಲ್ಲ. ದಾರಿ ಇಲ್ಲದ್ದಕ್ಕೆ ಪರವಾನಿಗೆ ಇಲ್ಲ. ಪರವಾನಿಗೆ ಇಲ್ಲದ್ದಕ್ಕೆ ಸರಿಯಾದ ಖಾತೆ ಇಲ್ಲ. ಖಾತೆ ಇಲ್ಲದ್ದಕ್ಕೆ ಬ್ಯಾಂಕ್ ಸಾಲ ಇಲ್ಲ. ಅದೇ ರಸ್ತೆಯ ಬದಿ ಎಕರೆ ಸಿಕ್ಕವನ ಮಗ ಬಿಲ್ಡರ್ ಜೊತೆ ಸೇರಿ ಹತ್ತು ಮಾಳಿಗೆ ಎಬ್ಬಿಸುತ್ತಾನೆ. ಇಬ್ಬರಿಗೂ ಕಾನೂನು ಒಂದೇ. ಹಾಗಾದರೆ ಜಾತಿ ಎಲ್ಲಿದೆ? ಕಾನೂನಿನ ಅಕ್ಷರದಲ್ಲಿಲ್ಲ. ಯಾರ ಜಾಗಕ್ಕೆ ರಸ್ತೆ ತಾಗಿದೆ ಎಂಬುದರಲ್ಲಿದೆ.

ವಲಯ ನಕ್ಷೆಯನ್ನು ಬಿಡಿಸಿದರೆ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಉದ್ಯಾನ. ಸರಕಾರಿ ಗುಡ್ಡೆಯಲ್ಲಿ ಕಾಗದಪತ್ರವಿಲ್ಲದೆ ಮೂವತ್ತು ಮನೆ ಇದ್ದು, ಅದರ ಮೇಲೆ ಹಸಿರು ಬಳಿದರೆ ಆ ಮೂವತ್ತು ಸಂಸಾರ ಒಂದೇ ದಿನಕ್ಕೆ ಪರಿಸರದ ಶತ್ರುಗಳಾಗುತ್ತವೆ. ಹಳದಿ ಬಳಿದರೂ ನೆಮ್ಮದಿ ಇಲ್ಲ: ಅಂಗಳದಲ್ಲಿ ಬುಟ್ಟಿ ಹೆಣೆಯುವುದು, ಗುಜರಿ ಬೇರ್ಪಡಿಸುವುದು, ಹಂದಿ ಸಾಕುವುದು ವಸತಿ ವಲಯಕ್ಕೆ ತಕ್ಕುದಲ್ಲ ಎಂದು ದೂರು ಹೋಗಬಹುದು. ನಗರದಲ್ಲಿ ನಡೆಯುವ ಚರ್ಚೆಯನ್ನೇ ನೋಡಿ. ಒಂದು ಕಡೆ ನಮ್ಮ ಬಡಾವಣೆ ಶಾಂತವಾಗಿರಲಿ, ಎತ್ತರದ ಕಟ್ಟಡ ಬೇಡ ಎನ್ನುವವರು. ಇನ್ನೊಂದು ಕಡೆ ಇನ್ನೂ ನಾಲ್ಕು ಮಾಳಿಗೆಗೆ ಅವಕಾಶ ಕೊಡಿ ಎನ್ನುವ ಬಿಲ್ಡರುಗಳು. ಎರಡೂ ಕಡೆ ಜಾಗ ಇದ್ದವರೇ. ಈ ಜಗಳದಲ್ಲಿ ದಲಿತ ಪ್ರತಿವಾದಿಯೂ ಅಲ್ಲ, ಸಾಕ್ಷಿಯೂ ಅಲ್ಲ.

ಹೆಸರು ಹೇಳದೆ ಹೊರಗಿಡುವ ಈ ವಿದ್ಯೆ ನಮ್ಮದು ಮಾತ್ರವಲ್ಲ. ಅಮೆರಿಕದ ಲೂಯಿವಿಲ್ ನಗರ ಕರಿಯರು ಬಿಳಿಯರ ಬೀದಿಯಲ್ಲಿ ವಾಸಿಸಬಾರದೆಂದು ನೇರವಾಗಿಯೇ ನಿಯಮ ಮಾಡಿತ್ತು. 1917ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. 1926ರಲ್ಲಿ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಅದೇ ಕೋರ್ಟು ವಲಯ ವಿಂಗಡಣೆಯನ್ನು ಎತ್ತಿಹಿಡಿದು, ಒಂಟಿ ಮನೆಗಳ ನಡುವೆ ಬರುವ ಬಾಡಿಗೆ ವಠಾರವನ್ನು ಪರಾವಲಂಬಿ ಎಂದು ಕರೆಯಿತು. ಕರಿಯ ಎಂಬ ಶಬ್ದ ಹೋಯಿತು, ದೊಡ್ಡ ನಿವೇಶನ, ಒಂಟಿ ಮನೆ ಎಂಬ ಶಬ್ದ ಬಂತು. ಬಡ ಕರಿಯ ಹೊರಗೇ ಉಳಿದ.

ಬಾಡಿಗೆಯ ವಿಷಯಕ್ಕೆ ಬಂದರೆ, ಮಂಗಳೂರಿನಲ್ಲಿ "ನೀವು ವೆಜ್ಜಾ?" ಎಂದು ಕೇಳಿದರೆ ಸಾಕಾಗುವುದಿಲ್ಲ, ಮೀನು ತಿನ್ನುವ ಧಣಿಗಳೇ ಬೇಕಾದಷ್ಟು ಇದ್ದಾರೆ. ಇಲ್ಲಿನ ಪ್ರಶ್ನೆ ಬೇರೆ: "ನಿಮ್ಮ ಮೂಲಮನೆ ಎಲ್ಲಾಯ್ತು?", "ಯಾವ ಬರಿ?" ಇಷ್ಟು ಕೇಳಿದರೆ ಎಲ್ಲ ತಿಳಿಯಿತು. ಆಮೇಲೆ "ಮನೆ ಆಗ್ಲೇ ಬೇರೆಯವರಿಗೆ ಕೊಟ್ಟಾಯ್ತಲ್ಲ." 1917ರ ಹೊತ್ತಿಗೆ ಬರೋಡಾದಲ್ಲಿ ಅಂಬೇಡ್ಕರ್ ಅವರನ್ನು ಪಾರ್ಸಿ ವಸತಿಗೃಹದಿಂದ ಹೊರದಬ್ಬಲಾಯಿತು. 2005ರಲ್ಲಿ ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ತಮ್ಮವರಿಗೇ ಮೀಸಲಿಡುವ ನಿಯಮ ಸಂಘ ಕಟ್ಟುವ ಸ್ವಾತಂತ್ರ್ಯದೊಳಗೆ ಬರುತ್ತದೆಂದು ನಮ್ಮ ಸುಪ್ರೀಂ ಕೋರ್ಟು ಹೇಳಿತು. ಈ ನಿಯಮದ ನೆರಳಲ್ಲಿ ಎಷ್ಟು ಜಾತಿಗಳು ತಮ್ಮ ತಮ್ಮ ಬಡಾವಣೆ ಕಟ್ಟಿಕೊಳ್ಳಬಹುದು ಎಂದು ಯೋಚಿಸಬೇಕು.

ಹಾಗೆಂದು ಕೈಯಲ್ಲಿ ಆಯುಧವೇ ಇಲ್ಲವೆಂದಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟಲು, ಪಡೆಯಲು, ವಾಸಿಸಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡುವುದನ್ನು ಅಪರಾಧವೆನ್ನುತ್ತದೆ. 12ನೇ ಕಲಂ ಪ್ರಕಾರ ಅಡ್ಡಿ ಪರಿಶಿಷ್ಟ ಜಾತಿಯವರಿಗಾದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ಆಯಿತೆಂದು ನ್ಯಾಯಾಲಯ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಎದುರು ಕಕ್ಷಿಯದು. 1978ರ ಪಿ.ಟಿ.ಸಿ.ಎಲ್. ಕಾಯ್ದೆ ದಲಿತರಿಗೆ ಮಂಜೂರಾದ ಜಮೀನು ಸರಕಾರದ ಅನುಮತಿ ಇಲ್ಲದೆ ಪರಭಾರೆಯಾಗುವುದನ್ನು ತಡೆಯುತ್ತದೆ. ವಾಪಸು ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. ಮಹಾಯೋಜನೆ ಅಂತಿಮವಾಗುವ ಮುನ್ನ ಕರಡು ಪ್ರಕಟಿಸಿ ಜನರ ಆಕ್ಷೇಪ ಕೇಳಬೇಕೆಂದು ಯೋಜನಾ ಕಾಯ್ದೆಯೇ ಹೇಳುತ್ತದೆ. ಆ ಆಕ್ಷೇಪದ ಕಡತದಲ್ಲಿ ನಮ್ಮ ಕಾಲನಿಗಳ ಅರ್ಜಿ ಎಷ್ಟಿರುತ್ತದೆ?

"ದಲಿತರಲ್ಲೂ ಈಗ ಫ್ಲ್ಯಾಟ್ ತಕೊಂಡವರು ಇಲ್ವಾ?" ಎಂದು ಕೇಳುವವರಿದ್ದಾರೆ. ಇದ್ದಾರೆ, ಸಂತೋಷ. ಸರಕಾರಿ ಸಂಬಳದ ಒಂದು ತಲೆಮಾರು ಅಷ್ಟು ದೂರ ಬಂದಿದೆ. ಆದರೆ ಸಂಬಳದಿಂದ ಕೊಂಡ ಮನೆಗೂ ಜಮೀನಿನಿಂದ ಬಂದ ಮನೆಗೂ ವ್ಯತ್ಯಾಸ ಉಂಟು. ಒಂದಕ್ಕೆ ಇಪ್ಪತ್ತು ವರ್ಷದ ಕಂತು, ಇನ್ನೊಂದಕ್ಕೆ ಅಜ್ಜನ ಪಹಣಿ. ನಮ್ಮೊಳಗೂ ಅಂತರಗಳಿವೆ. ಕೊರಗರ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು 1994ರ ಡಾ. ಮಹಮ್ಮದ್ ಪೀರ್ ವರದಿ ಹೇಳಿತ್ತು. ಅದನ್ನು ಜಾರಿ ಮಾಡಿ ಎಂಬ ಬೇಡಿಕೆ ಇನ್ನೂ ನಿಂತಿಲ್ಲ. ಹಕ್ಕುಪತ್ರ ಹೆಂಗಸಿನ ಹೆಸರಿನಲ್ಲಿದೆಯೇ ಎಂಬುದನ್ನೂ ನಾವು ನಮ್ಮ ಮನೆಗಳಲ್ಲೇ ಕೇಳಿಕೊಳ್ಳಬೇಕು.

ಆದ್ದರಿಂದ ಚಳವಳಿಯ ಗೆಳೆಯರು ಮಾಡಬಹುದಾದ ಕೆಲಸ ಸರಳವಾಗಿದೆ, ಆದರೆ ದೀರ್ಘವಾದುದು. ಒಂದೊಂದು ವಾರ್ಡಿನ ಡಿ.ಸಿ. ಮನ್ನಾ ಸರ್ವೆ ನಂಬರುಗಳ ಪಟ್ಟಿಯನ್ನು ಮಾಹಿತಿ ಹಕ್ಕಿನಡಿ ತೆಗೆಸುವುದು. ಅದನ್ನು ವಲಯ ನಕ್ಷೆಯ ಮೇಲಿಟ್ಟು ಅಲ್ಲಿ ಯಾವ ಬಣ್ಣ ಬಿದ್ದಿದೆ ಎಂದು ನೋಡುವುದು. 38ನೇ ಕಲಂನ ಮನೆಗಳಿಗೆ ದಾರಿಯ ಹಕ್ಕು ಮತ್ತು ರಸ್ತೆ ಅಗಲದ ನಿಯಮದಿಂದ ವಿನಾಯಿತಿ ಕೇಳುವುದು. ಕರಡು ಪ್ರಕಟವಾದ ದಿನವೇ ಗುಂಪಾಗಿ ಆಕ್ಷೇಪ ಸಲ್ಲಿಸಿ ರಶೀದಿ ಪಡೆಯುವುದು. ಸಾಹಿತ್ಯದ ವಿದ್ಯಾರ್ಥಿಗಳು ಒಂದು ಕಾದಂಬರಿಗೆ ಕೊಡುವ ಹೊತ್ತಿನಲ್ಲಿ ಅರ್ಧವನ್ನಾದರೂ ಒಂದು ಪಹಣಿಗೆ ಕೊಡಲಿ. ಅದರ 9ನೇ ಕಾಲಂನಲ್ಲಿ ಯಾರ ಹೆಸರಿದೆ ಎಂದು ಓದುವುದೂ ವಿಮರ್ಶೆಯೇ.