ಕೇಳದೇ ವಿವರ ಹೇಳುವ ಸರ್ವರ್

ಗೋಕಾಕದ ಕರದಂಟಿಗೆ ಈಗ ಆನ್‌ಲೈನ್‌ನಲ್ಲೂ ಆರ್ಡರ್ ಬರುತ್ತದೆ. ಹುಕ್ಕೇರಿ, ಮೂಡಲಗಿ ಕಡೆಯ ಅಂಗಡಿ, ಪತ್ತಿನ ಸಂಘ, ಶಾಲೆಗಳೂ ವೆಬ್‌ಸೈಟ್ ಮಾಡಿಸುತ್ತಿವೆ. ಮಾಡಿಕೊಟ್ಟವರು ದುಡ್ಡು ಇಸಿದುಕೊಂಡು ಹೋದ ಮೇಲೆ ಸೈಟಿನ ಒಳಗೆ ಏನಿದೆ ಎಂಬುದು ಮಾಲೀಕರಿಗೇ ಗೊತ್ತಿರುವುದಿಲ್ಲ. ಹೊರಗಿನವರು ಮಾತ್ರ ಅರ್ಧ ನಿಮಿಷದಲ್ಲಿ ತಿಳಿದುಕೊಳ್ಳಬಹುದು.

ನೀವೇ ನೋಡಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ನಿಮ್ಮ ಸೈಟ್ ತೆರೆದು ಎಫ್12 ಒತ್ತಿ, ‘ನೆಟ್‌ವರ್ಕ್’ಗೆ ಹೋಗಿ ಪುಟ ರಿಫ್ರೆಶ್ ಮಾಡಿ, ಮೊದಲ ಸಾಲು ಕ್ಲಿಕ್ಕಿಸಿ. ‘ರೆಸ್ಪಾನ್ಸ್ ಹೆಡರ್ಸ್’ ಕೆಳಗೆ ‘ಸರ್ವರ್: ಅಪಾಚೆ/2.4.49’, ‘ಎಕ್ಸ್-ಪವರ್ಡ್-ಬೈ: ಪಿಎಚ್‌ಪಿ/7.4’ ಎಂಬಂಥ ಸಾಲುಗಳು ಸಿಗಬಹುದು. ಅಪಾಚೆ ಎಂಬ ಸರ್ವರ್ ತಂತ್ರಾಂಶದ 2.4.49 ಆವೃತ್ತಿ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಸೆಟ್ಟಿಂಗ್ ಸಡಿಲವಿದ್ದರೆ ಸೈಟಿನ ಫೋಲ್ಡರ್ ದಾಟಿ ಬೇರೆ ಫೈಲ್‌ಗಳನ್ನೂ ಓದಬಹುದಾದ ಲೋಪ ಅದರಲ್ಲಿತ್ತು. 2.4.50ರಲ್ಲಿ ಹಾಕಿದ ತೇಪೆ ಸಾಲದೆ ಕೆಲವೇ ದಿನಗಳಲ್ಲಿ 2.4.51 ತರಬೇಕಾಯಿತು. ಪಿಎಚ್‌ಪಿ 7.4ಕ್ಕೆ 2022ರ ನವೆಂಬರಿಗೇ ಬೆಂಬಲ ನಿಂತಿದೆ. ಶೋಡಾನ್‌ನಂಥ ಹುಡುಕುತಾಣದಲ್ಲಿ ಈ ಆವೃತ್ತಿ ಸಂಖ್ಯೆ ಹಾಕಿದರೆ ಅದನ್ನು ಓಡಿಸುವ ಸರ್ವರ್‌ಗಳ ಪಟ್ಟಿಯೇ ಬರುತ್ತದೆ. ಆ ಪಟ್ಟಿಯಲ್ಲಿ ನಮ್ಮ ಹೆಸರು ಯಾಕಿರಬೇಕು?

ಸ್ವಂತ ಸರ್ವರ್ ಇದ್ದರೆ ಅಪಾಚೆಯಲ್ಲಿ ‘ಸರ್ವರ್‌ಟೋಕನ್ಸ್’ ಅನ್ನು ‘ಪ್ರಾಡ್’ ಮಾಡಿ, ‘ಸರ್ವರ್‌ಸಿಗ್ನೇಚರ್’ ಆಫ್ ಮಾಡಿ. ಇನ್ನೊಂದು ಸರ್ವರ್ ತಂತ್ರಾಂಶವಾದ ಎಂಜಿನ್‌ಎಕ್ಸ್‌ನಲ್ಲಿ ‘ಸರ್ವರ್_ಟೋಕನ್ಸ್’ ಆಫ್. ಎರಡರಲ್ಲೂ ಹೆಸರು ಉಳಿದು ಸಂಖ್ಯೆ ಮಾತ್ರ ಹೋಗುತ್ತದೆ. ಪಿಎಚ್‌ಪಿಯಲ್ಲಿ ‘ಎಕ್ಸ್‌ಪೋಸ್_ಪಿಎಚ್‌ಪಿ’ ಆಫ್. ಆದರೆ ನಮ್ಮ ಕಡೆಯ ಸಣ್ಣ ಸೈಟುಗಳು ಸಾಮಾನ್ಯವಾಗಿ ಶೇರ್ಡ್ ಹೋಸ್ಟಿಂಗ್ ಮೇಲಿರುತ್ತವೆ. ಅಲ್ಲಿ ‘ಸರ್ವರ್‌ಟೋಕನ್ಸ್’ ನಮ್ಮ ಕೈಯಲ್ಲಿಲ್ಲ, ಹೋಸ್ಟಿಂಗ್‌ನವರಿಗೇ ಹೇಳಬೇಕು. ‘ಎಕ್ಸ್-ಪವರ್ಡ್-ಬೈ’ ಸಾಲನ್ನು ಮಾತ್ರ ಎಚ್‌ಟಿಆಕ್ಸೆಸ್ ಫೈಲ್‌ನಿಂದಲೇ ತೆಗೆಸಬಹುದು.

ನನ್ನ ಲೆಕ್ಕದಲ್ಲಿ ಹೆಡರ್‌ಗಿಂತ ದೊಡ್ಡ ತಲೆನೋವು ಎರರ್ ಪುಟ. ಡೇಟಾಬೇಸ್ ಕೈಕೊಟ್ಟಾಗ ಫೋಲ್ಡರಿನ ಪೂರ್ತಿ ದಾರಿ, ಹೋಸ್ಟಿಂಗ್ ಖಾತೆಯ ಹೆಸರು, ಕೋಡಿನ ಸಾಲು ಎಲ್ಲವೂ ಗಿರಾಕಿಯ ಪರದೆ ಮೇಲೆ ಮೂಡುವುದುಂಟು. ಪಿಎಚ್‌ಪಿಯಲ್ಲಿ ‘ಡಿಸ್‌ಪ್ಲೇ_ಎರರ್ಸ್’ ಆಫ್ ಮಾಡಿ, ತಪ್ಪುಗಳು ಲಾಗ್ ಫೈಲಿಗೆ ಹೋಗುವಂತೆ ಮಾಡಿ. ವರ್ಡ್‌ಪ್ರೆಸ್ ಆಗಿದ್ದರೆ ಪುಟದ ಸೋರ್ಸ್‌ನಲ್ಲಿ ‘ಜನರೇಟರ್’ ಎಂಬ ಸಾಲು ಆವೃತ್ತಿ ಬಿಟ್ಟುಕೊಡುತ್ತದೆ, ಅದನ್ನು ತೆಗೆಸಿ. ಅದು ವರ್ಡ್‌ಪ್ರೆಸ್ ಎಂಬುದನ್ನೇ ಮುಚ್ಚಿಡಲು ಹೊರಡಬೇಡಿ. ಚಿತ್ರಗಳ ವಿಳಾಸದಲ್ಲಿರುವ ‘ಡಬ್ಲ್ಯುಪಿ-ಕಂಟೆಂಟ್’ ಒಂದೇ ಸಾಕು ಗುಟ್ಟು ರಟ್ಟಾಗಲು.

ಇಷ್ಟಕ್ಕೇ ನಿಶ್ಚಿಂತೆ ಅಂದುಕೊಳ್ಳುವಂತಿಲ್ಲ. ಬಾಟ್‌ಗಳು ಬಹಳ ಸಲ ಹೆಡರ್ ಓದುವ ಗೋಜಿಗೇ ಹೋಗುವುದಿಲ್ಲ. ವರ್ಡ್‌ಪ್ರೆಸ್ ಇಲ್ಲದ ಸೈಟಿನ ಲಾಗ್‌ನಲ್ಲೂ ಅದರ ಲಾಗಿನ್ ಪುಟ ಹುಡುಕಿ ಬಂದವರ ಗುರುತು ಸಾಲುಸಾಲಾಗಿ ಕಾಣುತ್ತದೆ. ಹಾಗಾಗಿ ಅಪ್‌ಡೇಟ್ ಮೊದಲು, ಮುಚ್ಚಿಡುವುದು ಆಮೇಲೆ. ಉಬುಂಟುವಿನಂಥ ಆಪರೇಟಿಂಗ್ ಸಿಸ್ಟಂಗಳು ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡು ಒಳಗೆ ಲೋಪ ಸರಿಪಡಿಸುತ್ತವೆ. ಸಂಖ್ಯೆ ಹಳೆಯದು ಕಂಡಿತೆಂದು ಗಾಬರಿಯಾಗದೆ ಪ್ಯಾಕೇಜ್ ಅಪ್‌ಡೇಟ್ ಆಗಿದೆಯೇ ಎಂದು ಕೇಳಿ. ಎಲ್ಲ ಬದಲಿಸಿದ ಮೇಲೆ ಕ್ಯಾಶ್ ಖಾಲಿ ಮಾಡಿ ಎಫ್12ರಲ್ಲಿ ಮತ್ತೆ ನೋಡಿ. ಇಲ್ಲದಿದ್ದರೆ ಹಳೆಯ ಹೆಡರೇ ಕಂಡೀತು.