ಹುಳಿ ಹಿಟ್ಟೂ ಒಂದು ಕಸುಬು



ಕುಂದುರ್ಪಿಯ ಸುತ್ತಮುತ್ತ ಮಳೆ ಕೈಕೊಟ್ಟ ವರ್ಷ ಕಡಲೆಕಾಯಿಯೂ ಕೈಕೊಡುತ್ತದೆ. ಅಂಥ ವರ್ಷ ಮನೆ ನಡೆಸಲು ಮತ್ತೊಂದು ಆದಾಯ ಬೇಕು. ನಮ್ಮ ಹೆಣ್ಣುಮಕ್ಕಳಿಗೆ ಮೊದಲಿನಿಂದಲೂ ಗೊತ್ತಿರುವ ಕೆಲಸವೊಂದಿದೆ: ಇಡ್ಲಿ ಹಿಟ್ಟು, ರಾಗಿ ಅಂಬಲಿ, ಮಜ್ಜಿಗೆ ತಯಾರಿಸುವುದು. ಇದನ್ನೇ ಸಣ್ಣ ಕಸುಬಾಗಿ ಮಾಡಿಕೊಳ್ಳಬಹುದು.

ಹಿಟ್ಟು ಹೇಗೆ ಉಬ್ಬುತ್ತದೆ? ಉದ್ದಿನ ಬೇಳೆಯ ಜೊತೆಯಲ್ಲೇ ಕಣ್ಣಿಗೆ ಕಾಣದ ಜೀವಾಣುಗಳು ಬರುತ್ತವೆ. ಅವು ಹಿಟ್ಟಿನಲ್ಲಿರುವ ಸಕ್ಕರೆ ಅಂಶವನ್ನು ತಿಂದು ಹುಳಿಯನ್ನೂ ಗಾಳಿಯನ್ನೂ ಬಿಡುತ್ತವೆ. ಹುಳಿಯಿಂದ ರುಚಿ, ಗಾಳಿಯಿಂದ ಉಬ್ಬು. ಬೇಸಿಗೆಯಲ್ಲಿ ಆರೆಂಟು ಗಂಟೆ ಸಾಕು. ಚಳಿಗಾಲದಲ್ಲಿ 12 ಗಂಟೆ ಮೀರಬಹುದು.

ರಾಗಿಯ ವಿಷಯದಲ್ಲಿ ಇನ್ನೊಂದು ಲಾಭವಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಆದರೆ ಅದನ್ನೂ ಕಬ್ಬಿಣದ ಅಂಶವನ್ನೂ ಮೈಗೆ ಹತ್ತಗೊಡದೆ ಹಿಡಿದಿಡುವ ಫೈಟೇಟ್ ಎಂಬ ವಸ್ತುವೂ ರಾಗಿಯಲ್ಲಿದೆ. ಹಿಟ್ಟನ್ನು ರಾತ್ರಿ ನೆನೆಸಿ ಹುಳಿ ಬರಿಸಿದರೆ ಅದು ಕಡಿಮೆಯಾಗುತ್ತದೆ. ಬಾಣಂತಿಯರಿಗೂ ಬೆಳೆಯುವ ಮಕ್ಕಳಿಗೂ ಇದು ಮುಖ್ಯ.

ಹಿಟ್ಟು ಮಾರಿ ಬದುಕಲು ಸಾಧ್ಯವೇ ಎಂದು ಕೇಳುವವರಿಗೆ ಬೆಂಗಳೂರಿನ ಒಂದು ಉದಾಹರಣೆ ಇದೆ. ಕೂಲಿಕಾರರ ಮಗನಾಗಿ ವಯನಾಡಿನ ಹಳ್ಳಿಯಲ್ಲಿ ಬೆಳೆದ ಪಿ.ಸಿ. ಮುಸ್ತಫಾ, ತಮ್ಮ ಸೋದರ ಸಂಬಂಧಿಗಳೊಂದಿಗೆ 2005ರಲ್ಲಿ 50 ಚದರ ಅಡಿಯ ಕೋಣೆಯಲ್ಲಿ ಇಡ್ಲಿ-ದೋಸೆ ಹಿಟ್ಟು ರುಬ್ಬಲು ಆರಂಭಿಸಿದರು. ಆಗ ಅಂಗಡಿಗಳಲ್ಲಿ ಹಿಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಿದ್ದರು, ಗಿರಾಕಿಗಳು ದೂರುತ್ತಿದ್ದರು. ಇವರು ಶುಚಿಯಾದ ಹಿಟ್ಟು ಕೊಟ್ಟರು. ಆದರೂ ದಿನಕ್ಕೆ 100 ಪ್ಯಾಕೆಟ್ ಮಾರುವ ಮಟ್ಟ ಮುಟ್ಟಲು ತಿಂಗಳುಗಟ್ಟಲೆ ಹಿಡಿಯಿತು. ಇಂದು ಅದು ‘ಐಡಿ ಫ್ರೆಶ್’ ಎಂಬ ದೊಡ್ಡ ಸಂಸ್ಥೆ. ನಾವೆಲ್ಲ ಅಷ್ಟು ಬೆಳೆಯಬೇಕೆಂದಿಲ್ಲ. ಶುಚಿತ್ವ, ತಾಳ್ಮೆ ಎರಡನ್ನೂ ಕಲಿತರೆ ಸಾಕು.

ಆರಂಭಿಸುವವರು ಈ ಮಾತುಗಳನ್ನು ಗಮನದಲ್ಲಿಡಿ:

1. ಸ್ಟೀಲ್ ಪಾತ್ರೆ ಬಳಸಿ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಹುಳಿ ಪದಾರ್ಥ ಕಿಲುಬುತ್ತದೆ.

2. ಇಡ್ಲಿ ಬೇಯುತ್ತದೆ, ಆದರೆ ಆರಿದ ಅಂಬಲಿಗೆ ಬೆರೆಸುವ ಮಜ್ಜಿಗೆ ಮತ್ತೆ ಒಲೆ ಕಾಣುವುದಿಲ್ಲ. ಆದ್ದರಿಂದ ಅದಕ್ಕೆ ಕುದಿಸಿ ಆರಿಸಿದ ನೀರನ್ನೇ ಹಾಕಿ. ಕೊಳೆ ನೀರಿನಿಂದ ವಾಂತಿಭೇದಿ ಹರಡುತ್ತದೆ.

3. ಬಣ್ಣದ ಬೂಷ್ಟು ಕಂಡರೆ ಮೇಲಿನದನ್ನಷ್ಟೇ ತೆಗೆಯಬೇಡಿ, ಪೂರ್ತಿ ಚೆಲ್ಲಿ. ಅತಿ ಹುಳಿಯಾದುದನ್ನು ಸೋಡಾ ಹಾಕಿ ಮುಚ್ಚಿಡಬೇಡಿ.

4. ಫ್ರಿಜ್ ಇಲ್ಲದಿದ್ದರೆ ಅಂದಿನದು ಅಂದೇ ಮುಗಿಯುವಷ್ಟು ಮಾತ್ರ ಮಾಡಿ.

5. ವ್ಯಾಪಾರ ಎಷ್ಟೇ ಚಿಕ್ಕದಾದರೂ 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ನೋಂದಾಯಿಸಿಕೊಳ್ಳಿ.

6. ಅಕ್ಕಿ, ಬೇಳೆ, ಕರೆಂಟು, ಮಾರಾಟವಾಗದೆ ಹಿಂದಿರುಗಿದ ಪ್ಯಾಕೆಟ್ ಎಲ್ಲವನ್ನೂ ದಿನವೂ ಬರೆದಿಡಿ. ದುಡಿದವರ ಕೂಲಿಯನ್ನೂ ಸೇರಿಸಿ.

ನಾಲ್ಕು ಮನೆಗಳವರು ಕೂಡಿ ಒಂದು ಗ್ರೈಂಡರ್ ಕೊಂಡರೆ ಭಾರ ಹಗುರವಾಗುತ್ತದೆ. ನಿಮ್ಮ ಮಕ್ಕಳಿಗೆ ಕೊಡಲು ಹಿಂಜರಿಯುವ ಹಿಟ್ಟನ್ನು ನೆರೆಮನೆಯ ಮಗುವಿಗೆ ಮಾರದಿರಿ. ಈ ಕಸುಬಿಗೆ ಇದೇ ಬಂಡವಾಳ.