ಹಾಜರಿ ಕೂಗಿದಾಗ ಓಗೊಡದವರು

(ಸಂಘದ ಕಾರ್ಯದರ್ಶಿಯವರಿಂದ)

ನಮ್ಮ ಸಂಘದ ಸದಸ್ಯರ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದರೆ, ಹೆಸರಿನ ಹಿಂದೆ ಸುಬೇದಾರ್, ಹವಲ್ದಾರ್, ನಾಯಕ್ ಎಂಬ ಪದವಿ ಇರುವವರು ಪುಟಪುಟದಲ್ಲೂ ಸಿಗುತ್ತಾರೆ. ಜವಾನನಾಗಿ ಸೇರಿದವನಿಗೆ ಪಿಂಚಣಿ ದೊರೆಯಲು 15 ವರ್ಷದ ಸೇವೆ ಬೇಕು. ಹದಿನೆಂಟು ಇಪ್ಪತ್ತಕ್ಕೆ ಭರ್ತಿಯಾದವನು ನಲವತ್ತರೊಳಗೆ ಊರಿಗೆ ಮರಳಿ, ಅಪ್ಪನ ಮೂರು ನಾಲ್ಕು ಎಕರೆ ಕಾಫಿ ತೋಟಕ್ಕೋ ಅಡಿಕೆ ತೋಟಕ್ಕೋ ಇಳಿಯುತ್ತಾನೆ. ಆಮೇಲೆ ಅವನೂ ನಮ್ಮ ನಿಮ್ಮಂತೆ ಮಳೆ, ದರ, ಆಳು, ಕೊಳೆರೋಗ ಎಂದು ಚಿಂತಿಸುವ ಬೆಳೆಗಾರನೇ.

ಆದರೆ ವರ್ಷಕ್ಕೊಂದು ದಿನ ಅವನು ಪೆಟ್ಟಿಗೆಯಿಂದ ಪದಕ ತೆಗೆದು, ಬೂಟಿಗೆ ಪಾಲಿಶ್ ಹಚ್ಚಿ, ಹಳೆಯ ಜೊತೆಗಾರರ ಕೂಟಕ್ಕೆ ಹೊರಡುತ್ತಾನೆ. ಇಂತಹ ಕೂಟಗಳ ಬಗ್ಗೆ ನಮ್ಮಲ್ಲಿ ಕೆಲವರಿಗೆ ಹಗುರವಾದ ಅಭಿಪ್ರಾಯವಿದೆ. “ಕುಡಿಯುವುದು, ಪಂದಿಕರಿ ತಿನ್ನುವುದು, ಹಳೆಯ ಕಥೆ ಹೇಳುವುದು, ಮತ್ತೇನಿದೆ?” ಎಂದು ಹಿರಿಯ ಸದಸ್ಯರೊಬ್ಬರು ಸಭಾಂಗಣ ಕೊಡುವ ವಿಚಾರ ಬಂದಾಗ ಆಡಳಿತ ಮಂಡಳಿಯಲ್ಲಿಯೇ ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನ.

ಜನವರಿ 14ರ ಹಿನ್ನೆಲೆ

ಮಾಜಿ ಸೈನಿಕರ ದಿನವೆಂದು ದೇಶವೆಲ್ಲ ಆಚರಿಸುವ ಜನವರಿ 14 ನಮ್ಮ ಕೊಡಗಿಗೆ ಸೇರಿದ ದಿನ. 1899ರಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿದ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನು ಸೇನಾ ದಿನವಾಗಿ ಆಚರಿಸುವುದು ಎಲ್ಲರಿಗೂ ತಿಳಿದಿದೆ. ಅವರು ನಿವೃತ್ತರಾದದ್ದು 1953ರ ಜನವರಿ 14ರಂದು. ಈ ದಿನವನ್ನೇ 2016ರಿಂದ ಮಾಜಿ ಸೈನಿಕರ ದಿನವಾಗಿ ಆಚರಿಸಲಾಗುತ್ತಿದೆ. ಅಧಿಕಾರ ವಹಿಸಿಕೊಂಡ ದಿನವೊಂದು, ಇಳಿದ ದಿನವೊಂದು; ಎರಡೂ ಒಬ್ಬರದೇ.

ನಿವೃತ್ತಿಯ ನಂತರ ಕಾರ್ಯಪ್ಪನವರು ಮಡಿಕೇರಿಯ ತಮ್ಮ ‘ರೋಶನಾರಾ’ ಮನೆಯಲ್ಲಿ ಸುಮ್ಮನೆ ಕುಳಿತವರಲ್ಲ. ಮಾಜಿ ಸೈನಿಕರಿಗೂ ಒಂದು ಸಂಘಟನೆ ಬೇಕೆಂದು 1964ರಲ್ಲಿ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗನ್ನು ಕಟ್ಟಿದರು. ಬಿಡಿಯಾಗಿ ಅರ್ಜಿ ಹಿಡಿದು ನಿಂತವನ ಮಾತಿಗೆ ಬೆಲೆ ಕಡಿಮೆ, ಗುಂಪಾಗಿ ಬಂದವರ ಮಾತಿಗೆ ಕಿವಿ ಸಿಗುತ್ತದೆ ಎಂಬುದನ್ನು ಸಹಕಾರಿಗಳಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಕೂಟ, ಸಣ್ಣ ಕೂಟ

ರೆಜಿಮೆಂಟುಗಳೇ ನಡೆಸುವ ಕೂಟಗಳು ದೊಡ್ಡವು. 1780ರಷ್ಟು ಹಿಂದಿನ ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಕೇಂದ್ರವೇ ತವರುಮನೆ. ಮರಾಠಾ ಲಘು ಪದಾತಿ ದಳದವರಿಗೆ ಬೆಳಗಾವಿ. 1768ರಲ್ಲಿ ಕಟ್ಟಿದ ಪಡೆ ಆ ದಳದಲ್ಲಿದೆ, ಶರ್ಕತ್ ಯುದ್ಧ ಸ್ಮಾರಕವೂ ಅಲ್ಲಿಯೇ ಇದೆ. ಮದ್ರಾಸ್ ರೆಜಿಮೆಂಟಿನವರು ನೀಲಗಿರಿಯ ವೆಲಿಂಗ್ಟನ್‌ಗೆ ಹೋಗುತ್ತಾರೆ. ಪೆರೇಡು, ಸ್ಮಾರಕಕ್ಕೆ ಹೂಮಾಲೆ, ಆಮೇಲೆ ಅಧಿಕಾರಿ ಜವಾನ ಎನ್ನದೆ ಎಲ್ಲರೂ ಕೂಡಿ ಉಣ್ಣುವ ಬಡಾಖಾನಾ. ಇವು ನೋಡತಕ್ಕ ಸಮಾರಂಭಗಳೇ.

ಆದರೆ ನಾನು ಹೇಳಹೊರಟಿರುವುದು ಸಣ್ಣ ಕೂಟದ ಮಾತು. ಒಂದೇ ಕಂಪನಿಯಲ್ಲಿ, ಒಂದೇ ಬರಾಕಿನಲ್ಲಿ ಹತ್ತು ಹದಿನೈದು ವರ್ಷ ಕಳೆದ ಇಪ್ಪತ್ತು ಮೂವತ್ತು ಮಂದಿ ಸೇರುವ ಕೂಟ. ಇದಕ್ಕೆ ಆಮಂತ್ರಣ ಪತ್ರಿಕೆ ಇಲ್ಲ, ಮುಖ್ಯ ಅತಿಥಿ ಇಲ್ಲ. ಇರುವುದು ಒಂದು ಹಳೆಯ ನೋಟುಬುಕ್ಕು. ಅದರಲ್ಲಿ ಎಲ್ಲರ ಹೆಸರಿದೆ. ಊಟಕ್ಕೆ ಮೊದಲು ಹಿರಿಯ ಸುಬೇದಾರರು ಎದ್ದು ನಿಂತು ರೋಲ್ ಕಾಲ್ ಮಾಡುತ್ತಾರೆ. ಬಂದವನು “ಹಾಜರ್ ಸಾಬ್” ಎನ್ನುತ್ತಾನೆ. ಬಾರದವನ ಹೆಸರು ಬಂದಾಗ ಸುಬೇದಾರರು ಮುಂದಿನ ಹೆಸರಿಗೆ ಹೋಗುವುದಿಲ್ಲ. “ಇವನ ಸುದ್ದಿ ಯಾರಿಗೆ ಗೊತ್ತು?” ಎಂದು ಕೇಳಿ, ಉತ್ತರ ಬರುವವರೆಗೂ ನಿಲ್ಲುತ್ತಾರೆ. ಕೂಟದ ಮುಖ್ಯ ಕೆಲಸ ನಡೆಯುವುದು ಈ ಹೊತ್ತಿನಲ್ಲಿ.

ದಿನ ಗೊತ್ತುಮಾಡುವ ಕಷ್ಟ

ನಮ್ಮ ಸಂಘದ ಸಭಾಂಗಣದಲ್ಲಿ ಸೇರುವ ಇಂತಹ ಒಂದು ಕೂಟದಲ್ಲಿ ಕೊಡಗಿನವರ ಜೊತೆಗೆ ಬಯಲುಸೀಮೆಯವರೂ ಇದ್ದಾರೆ. ಅವರಲ್ಲಿ ಅತಿ ದೂರದಿಂದ ಬರುವವರು ರಾಯಚೂರು ಜಿಲ್ಲೆಯ ಸಿಂಧನೂರಿನಾಚೆ ಇರುವ ತುರ್ವಿಹಾಳದ ಒಬ್ಬ ಮಾಜಿ ಹವಲ್ದಾರರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ರೈತರು. ಸಿಂಧನೂರಿನಿಂದ ರಾತ್ರಿ ಬಸ್ಸು ಹಿಡಿದು, ಹೆಗಲ ಮೇಲೆ ಹತ್ತು ಕಿಲೋ ಸೋನಾಮಸೂರಿ ಹೊತ್ತು ಇಳಿಯುತ್ತಾರೆ. ಹಿಂದಕ್ಕೆ ಹೋಗುವಾಗ ಚೀಲದಲ್ಲಿ ಕಾಫಿ ಪುಡಿ, ಕರಿಮೆಣಸು, ಒಂದಿಷ್ಟು ಕಿತ್ತಳೆ ಸಸಿ. “ನಮ್ಮ ಕಡೆ ಎರೆಮಣ್ಣಿನ್ಯಾಗ ಇವು ಬದುಕಂಗಿಲ್ಲ ಸಾಬ್, ಆದ್ರೂ ಕೊಡ್ರಿ” ಎಂದು ನಗುತ್ತಾ ಒಯ್ಯುತ್ತಾರೆ.

ಎಲ್ಲರಿಗೂ ಹೊಂದುವ ದಿನ ಗೊತ್ತುಮಾಡುವುದು ಹರಸಾಹಸವೇ. ಜನವರಿ 14 ಎಂದರೆ ನಮ್ಮಲ್ಲಿ ಅರೇಬಿಕಾ ಕೊಯ್ಲಿನ ಕೊನೆ, ರೊಬಸ್ಟಾ ಕೊಯ್ಲಿನ ನಡುವೆ. ಕಣದಲ್ಲಿ ಕಾಫಿ, ಚಪ್ಪರದ ಮೇಲೆ ಅಡಿಕೆ. ಅವರಲ್ಲಿ ಎರಡನೇ ಬೆಳೆಯ ನಾಟಿ. ಫೆಬ್ರವರಿ ಮಾರ್ಚಿನಲ್ಲಿ ನಾವು ಹೂಮಳೆಗೆ ಮುಗಿಲು ನೋಡುತ್ತಿರುತ್ತೇವೆ, ಇಲ್ಲವೇ ಸ್ಪ್ರಿಂಕ್ಲರ್ ಹಿಡಿದಿರುತ್ತೇವೆ. ಏಪ್ರಿಲಿನಲ್ಲಿ ಅವರಿಗೆ ಬೇಸಿಗೆ ಭತ್ತದ ಕಟಾವು. ಜೂನ್ ಬಂತೆಂದರೆ ನಮಗೆ ಅಡಿಕೆಗೆ ಬೋರ್ಡೋ ಹೊಡೆಯುವ ಅವಸರ. ಎಲ್ಲ ಕಳೆದು ಕೂಡಿ ನೋಡಿದರೆ ಉಳಿಯುವುದು ಮೇ ತಿಂಗಳ ನಡುವಿನ ಒಂದೆರಡು ವಾರ. ಭತ್ತ ಮನೆ ಸೇರಿರುತ್ತದೆ, ಬ್ಯಾಕಿಂಗ್ ಮಳೆ ಮುಗಿದಿರುತ್ತದೆ, ಮುಂಗಾರು ಇನ್ನೂ ಕಾಲಿಟ್ಟಿರುವುದಿಲ್ಲ. ಆದ್ದರಿಂದ ಇವರ ಮಾಜಿ ಸೈನಿಕರ ದಿನ ಮೇ ತಿಂಗಳಲ್ಲಿ.

ಸಾಲಿನಲ್ಲಿ ಮುಂದೆ ನಿಂತವನು

ಕೆಲವು ವರ್ಷಗಳ ಹಿಂದಿನ ಕೂಟದಲ್ಲಿ ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬರಲಿಲ್ಲ. ಆ ಜವಾನನೂ ತುರ್ವಿಹಾಳದ ಕಡೆಯವನೇ, ಹತ್ತಿರದ ಒಂದು ಕ್ಯಾಂಪಿನ ವಾಸಿ. ಎರಡು ವರ್ಷದಿಂದ ಅವನ ಫೋನೂ ಸತ್ತಿತ್ತು. ಹೋಗಿ ನೋಡಿ ಬರುವ ಕೆಲಸ ನಮ್ಮ ಹವಲ್ದಾರರ ಪಾಲಿಗೆ ಬಂತು. ಹೋಗಿ ನೋಡಿದರೆ ಜವಾನ ತೀರಿಕೊಂಡು ಎರಡು ವರ್ಷ ಕಳೆದಿತ್ತು. ಮಕ್ಕಳು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಹೆಂಡತಿ ನಾಟಿ, ಕಳೆ ಎಂದು ಕೂಲಿಗೆ ಹೋಗುತ್ತಿದ್ದರು. ಗಂಡನ ಪಿಂಚಣಿ ಅವನೊಂದಿಗೇ ಮುಗಿಯಿತೆಂದು ಆಕೆ ತಿಳಿದಿದ್ದರು.

ಇಲ್ಲಿ ಒಂದು ನಿಯಮವನ್ನು ಎಲ್ಲರೂ ತಿಳಿದಿರಬೇಕು. ಪಿಂಚಣಿದಾರ ಸೈನಿಕ ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿ ಸಲ್ಲುತ್ತದೆ. ಸಾಮಾನ್ಯ ದರ ಕೊನೆಯ ಸಂಬಳದ ಶೇಕಡಾ 30. ನಿವೃತ್ತಿಯ ನಂತರ ತೀರಿಕೊಂಡಲ್ಲಿ ಮೊದಲ 7 ವರ್ಷ, ಅಥವಾ ಆತ ಬದುಕಿದ್ದರೆ 67 ತುಂಬುತ್ತಿದ್ದ ದಿನದವರೆಗೆ, ಎರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರವೂ ಉಂಟು. ಆದರೆ ಇದು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಮರಣ ಪತ್ರ, ಪಿಂಚಣಿ ಆದೇಶದ ಪ್ರತಿ, ಹೆಂಡತಿಯ ಗುರುತಿನ ದಾಖಲೆ ಸಮೇತ ಕೇಳಬೇಕು.

ಆಕೆಯ ಬಳಿ ಏನೂ ಇರಲಿಲ್ಲ. ಟ್ರಂಕಿನಲ್ಲಿದ್ದ ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶ ಎಲ್ಲ ಗೆದ್ದಲಿನ ಪಾಲಾಗಿದ್ದವು. ಸೈನ್ಯದ ನಂಬರ್ ಇಲ್ಲದೆ ಬರೆದ ಮೊದಲ ಅರ್ಜಿ ಹೋದ ಹಾಗೆಯೇ ವಾಪಸು ಬಂತು. ಸೈನ್ಯದಲ್ಲಿ ಒಂದೇ ಹೆಸರಿನವರು ಎಷ್ಟೋ ಮಂದಿ. ನಂಬರ್ ಇಲ್ಲದಿದ್ದರೆ ಯಾರನ್ನೆಂದು ಹುಡುಕುವುದು?

ಮುಂದಿನ ಮೇ ಕೂಟದಲ್ಲಿ ಈ ವಿಷಯ ಬಂದಾಗ ಎಲ್ಲರೂ ಕೈಚೆಲ್ಲಿ ಕುಳಿತಿದ್ದರು. ಆಗ ಹವಲ್ದಾರರಿಗೆ ಏನೋ ನೆನಪಾಗಿ ಎದ್ದರು. “ಸಾಬ್, ಭರ್ತಿ ಆದ ದಿವಸ ಸಾಲಿನ್ಯಾಗ ನನ್ನ ಮುಂದ ಅವನ ನಿಂತಿದ್ದ. ನನ್ನ ನಂಬರಿನ್ಯಾಗ ಒಂದು ಕಳದ್ರ ಅವನ ನಂಬರ್ ಬರ್ತದ” ಎಂದರು.

ಒಂದೇ ದಿನ ಭರ್ತಿಯಾದವರಿಗೆ ಸಾಲಾಗಿ ನಂಬರ್ ಬೀಳುತ್ತದೆ. ಸೈನಿಕನು ಮಕ್ಕಳ ಹುಟ್ಟಿದ ದಿನ ಮರೆತಾನು, ತನ್ನ ನಂಬರ್ ಮರೆಯಲಾರ. ಕೊನೆಯಲ್ಲಿ ಬರುವ ಇಂಗ್ಲಿಷ್ ಅಕ್ಷರವೊಂದು ಗೊತ್ತಿರಲಿಲ್ಲ, ಅಷ್ಟೆ. ಆ ನಂಬರ್, ಭರ್ತಿಯ ದಿನಾಂಕ, ಕಂಪನಿಯ ಹೆಸರು ಹಾಕಿ, ಜೊತೆಗಾರರೆಲ್ಲರ ಸಹಿಯೊಂದಿಗೆ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆದರು. ಕಡತ ಸಿಕ್ಕಿತು. ಆಮೇಲೂ ಒಂದು ತೊಡಕು: ಸೈನ್ಯದ ದಾಖಲೆಯಲ್ಲಿ ಆಕೆಯ ಹೆಸರು ‘ಅವ್ವ’ ಎಂದು ಮುಗಿದಿದ್ದರೆ ಆಧಾರಿನಲ್ಲಿ ‘ಅಮ್ಮ’ ಎಂದಿತ್ತು. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ, ಓಡಾಡಿ, ಕೊನೆಗೆ ಹಿಂದಿನ ಬಾಕಿ ಸಮೇತ ಹಣ ಆಕೆಯ ಖಾತೆಗೆ ಬರುವಷ್ಟರಲ್ಲಿ ಮತ್ತೊಂದು ಮೇ ಬಂದಿತ್ತು. ಆ ವರ್ಷ ಹವಲ್ದಾರರ ಜೊತೆ ಆಕೆಯೂ ಬಂದಿದ್ದರು. ಗಂಡನ ಹೆಸರು ಕೂಗಿದಾಗ ಆಕೆ ಎದ್ದು ನಿಂತರು. ಏನು ಹೇಳಬೇಕೆಂದು ತೋಚಲಿಲ್ಲ. ಸುಬೇದಾರರೇ “ಹಾಜರ್” ಎಂದು ಪುಸ್ತಕದಲ್ಲಿ ಗುರುತು ಹಾಕಿದರು.

ವಂತಿಗೆ ಕೊಡಲಾಗದವರು

ಸತ್ತವರ ವಿಷಯ ಹೀಗಾದರೆ, ಬದುಕಿದ್ದೂ ಬಾರದವರು ಕೆಲವರಿದ್ದಾರೆ. ಕಾರಣ ಹೆಚ್ಚಿನ ಸಲ ಒಂದೇ: ಕೈಯಲ್ಲಿ ಹಣವಿಲ್ಲ. ತಲೆಗಿಷ್ಟು ವಂತಿಗೆ ಎಂದು ಗೊತ್ತುಮಾಡಿದ ಕೂಟಕ್ಕೆ, ಬೆಳೆ ಕೆಟ್ಟ ವರ್ಷ, ಮಗಳ ಮದುವೆಯ ಸಾಲ ಹೊತ್ತವನು ಬರುವುದಿಲ್ಲ. ಕೇಳಿದರೆ “ಮೈಗೆ ಹುಷಾರಿರಲಿಲ್ಲ” ಎನ್ನುತ್ತಾನೆ. ಹದಿನೈದು ವರ್ಷದ ಸೇವೆ ತುಂಬುವ ಮೊದಲೇ ಬಿಟ್ಟು ಬಂದು ಪಿಂಚಣಿಯೇ ಇಲ್ಲದವರ ಸ್ಥಿತಿ ಇನ್ನೂ ಕಷ್ಟ. ಈ ಕೂಟದವರು ವಂತಿಗೆಯನ್ನು ತೆಗೆದೇ ಹಾಕಿದ್ದಾರೆ. ಬಾಗಿಲ ಬಳಿ ಮುಚ್ಚಿದ ಡಬ್ಬಿ ಇಡುತ್ತಾರೆ, ಯಾರು ಎಷ್ಟು ಹಾಕಿದರೆಂದು ನೋಡುವವರಿಲ್ಲ. ಅಕ್ಕಿ ಒಬ್ಬರದು, ಮಾಂಸ ಒಬ್ಬರದು, ಮಲಗಲು ಹತ್ತಿರದ ತೋಟದವರ ಮನೆ. ಆಮೇಲೆ ಬಂದವರ ಸಂಖ್ಯೆ ಏರಿತೆಂದು ಸುಬೇದಾರರು ಹೇಳುತ್ತಾರೆ.

ಕೂಗುವವರೂ ಇಲ್ಲವಾದಾಗ

ಬೆಂಗಳೂರಿನ ಜೆ. ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೈಸೂರು ಸಂಸ್ಥಾನದ ಆ ಕುದುರೆ ದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಸೇರಿ ಹೈಫಾ ಪಟ್ಟಣವನ್ನು ಗೆದ್ದದ್ದು ಚರಿತ್ರೆ. ಈಗ ಆ ದಿನ ಹೂಮಾಲೆ ಇಡುತ್ತಾರೆ. ಆದರೆ ಆ ಸವಾರರಲ್ಲಿ ಒಬ್ಬೊಬ್ಬರ ಮನೆ ಎಲ್ಲಿತ್ತು, ಯಾರ ಹೆಂಡತಿ ಹೇಗೆ ಬಾಳಿದಳು ಎಂದು ಹೇಳಬಲ್ಲ ಜೊತೆಗಾರ ಇಂದು ಒಬ್ಬನೂ ಇಲ್ಲ. ಬ್ರಿಟನ್ನಿನಲ್ಲಿ 1944ರ ನಾರ್ಮಂಡಿ ಯುದ್ಧದಲ್ಲಿ ಭಾಗವಹಿಸಿದವರ ಸಂಘವು, ಸದಸ್ಯರು ತೀರಾ ಮುದುಕರಾದರೆಂದು 2014ರಲ್ಲಿ ತನ್ನನ್ನು ತಾನೇ ಮುಚ್ಚಿಕೊಂಡಿತು. ನಮ್ಮಲ್ಲಿ 1971ರ ಯುದ್ಧ ಕಂಡವರು ಈಗ ಎಪ್ಪತ್ತು ದಾಟಿದ್ದಾರೆ. ಅವರ ತಲೆಯಲ್ಲಿರುವ ನಂಬರುಗಳು ಕಾಗದಕ್ಕೆ ಇಳಿಯಲು ಉಳಿದಿರುವ ಮೇ ತಿಂಗಳುಗಳು ಹೆಚ್ಚಿಲ್ಲ.

ಸದಸ್ಯ ಬಾಂಧವರಲ್ಲಿ ವಿನಂತಿ

ಒಂದು: ಮಾಜಿ ಸೈನಿಕ ಸದಸ್ಯರು ತಮ್ಮ ಸೈನ್ಯದ ನಂಬರ್, ರೆಜಿಮೆಂಟು, ಪಿಂಚಣಿ ಆದೇಶದ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಹೆಂಡತಿಯ ಕೈಯಲ್ಲಿ ಕೊಡಿ. ಟ್ರಂಕಿನಲ್ಲಿ ಇಡಬೇಡಿ.

ಎರಡು: ಪಿಂಚಣಿ ಆದೇಶ, ಆಧಾರ್, ಬ್ಯಾಂಕು, ನಮ್ಮ ಸಂಘದ ನಾಮಿನಿ ಪತ್ರ ಈ ನಾಲ್ಕರಲ್ಲೂ ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ನೀವು ಬದುಕಿರುವಾಗಲೇ ಸರಿಪಡಿಸಿ. ನಿಮಗೆ ಒಂದು ಅರ್ಜಿಯ ಕೆಲಸ, ಆಕೆಗೆ ಒಂದು ವರ್ಷದ ಅಲೆದಾಟ.

ಮೂರು: ವರ್ಷಕ್ಕೊಮ್ಮೆ ಕೊಡುವ ಜೀವಿತ ಪ್ರಮಾಣ ಹೆಚ್ಚಿನವರಿಗೆ ನವೆಂಬರಿನಲ್ಲಿ ಬರುತ್ತದೆ. ಅದು ನಮ್ಮ ಕೊಯ್ಲಿನ ತಿಂಗಳೇ ಆದ್ದರಿಂದ ಮರೆತುಹೋಗುತ್ತದೆ, ಪಿಂಚಣಿ ನಿಲ್ಲುತ್ತದೆ. ಅಡಿಕೆ ಸುಲಿದು, ಕಸಿ ಮಾಡಿ ಬೆರಳಿನ ಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಅಂಥವರು ಮೊಬೈಲಿನಲ್ಲಿ ಮುಖ ತೋರಿಸಿ ‘ಜೀವನ್ ಪ್ರಮಾಣ್’ ಮಾಡಿಸಬಹುದು. ನವೆಂಬರಿನ ಸಂತೆಯ ದಿನಗಳಂದು ಸಂಘದ ಕಚೇರಿಯಲ್ಲಿ ಇದನ್ನು ಮಾಡಿಕೊಡುವಂತೆ ಗುಮಾಸ್ತರಿಗೆ ತಿಳಿಸಲಾಗಿದೆ.

ನಾಲ್ಕು: ಮೇ ತಿಂಗಳಲ್ಲಿ ಇಂತಹ ಕೂಟಗಳಿಗೆ ಸಭಾಂಗಣವನ್ನು ಬಾಡಿಗೆ ಇಲ್ಲದೆ ಕೊಡುವ ಠರಾವು ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಬರಲಿದೆ. ಕೂಟದವರು ತಮ್ಮ ಹಾಜರಿ ಪುಸ್ತಕದ ಒಂದು ಪ್ರತಿಯನ್ನು ಸಂಘದ ಕಪಾಟಿನಲ್ಲಿ ಇರಿಸಬೇಕೆಂಬುದೊಂದೇ ಷರತ್ತು. ಆ ದಿನ ತಪ್ಪದೆ ಬಂದು, ಠರಾವಿನ ಪರವಾಗಿ ಕೈ ಎತ್ತಬೇಕೆಂದು ಕೋರುತ್ತೇನೆ.